ಇಳಿಯುವ ಮುಂಚೆ ನಿಲ್ಲುವುದು ಗೊತ್ತಿರಲಿ

ಸೈಕಲ್ಲಿನಲ್ಲಿ ಬೆಟ್ಟ ಇಳಿಯಲು ವಿಸ್ಲರ್‌ಗೆ ಹೊರಟಿದ್ದೀರಿ, ಸಂತೋಷ. ಸಿಯಾಟಲ್, ಬೆಲ್‌ವ್ಯೂ, ವ್ಯಾಂಕೂವರ್ ಕಡೆ ಇರುವ ನಮ್ಮ ಹುಡುಗ ಹುಡುಗಿಯರಿಗೆ ಬೇಸಿಗೆ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ ಎಂದು ನನಗೂ ಗೊತ್ತು. ಜುಲೈ ಮೊದಲ ವಾರದ ರಜೆಗೆ ರೂಮು ಬುಕ್ ಆಗಿದೆ, ಕಾರಿಗೆ ಸೈಕಲ್ ರ್‍ಯಾಕ್ ಬಂದಿದೆ, ವಾಟ್ಸ್ಯಾಪ್ ಗುಂಪಿಗೆ ಹೆಸರಿಟ್ಟೂ ಆಗಿದೆ. ಇಷ್ಟೆಲ್ಲ ಆದರೂ ಒಂದು ಪ್ರಶ್ನೆಯನ್ನು ಮಾತ್ರ ಗುಂಪಿನಲ್ಲಿ ಯಾರೂ ಕೇಳಿರುವುದಿಲ್ಲ: ಆ ಬೆಟ್ಟದ ಇಳಿಜಾರು ನಮ್ಮ ಕೈಗೆ ತಕ್ಕದ್ದೇ? "ಅಲ್ಲಿ ಹೋಗಿ ನೋಡಿಕೊಂಡರಾಯ್ತು ಆಂಟಿ" ಅನ್ನುತ್ತೀರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ ನೀವು, ಇದೊಂದನ್ನು ಮಾತ್ರ ಕೊನೆಗೆ ಇಟ್ಟುಕೊಂಡರೆ ಹೇಗೆ? ಸ್ವಲ್ಪ ಕೂತು ಕೇಳಿ.

ವ್ಯಾಂಕೂವರ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ದೂರದ ವಿಸ್ಲರ್, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರ ಊರು. ಬೇಸಿಗೆಯಲ್ಲಿ ಅದೇ ಬೆಟ್ಟದ ಅದೇ ಲಿಫ್ಟುಗಳು ಸೈಕಲ್ಲುಗಳನ್ನು ಹೊತ್ತೊಯ್ಯುತ್ತವೆ. 1999ರಿಂದ ಅಲ್ಲಿ ವ್ಯವಸ್ಥಿತವಾದ ಬೈಕ್ ಪಾರ್ಕ್ ಇದೆ. 2004ರಲ್ಲಿ ಶುರುವಾದ ಕ್ರ್ಯಾಂಕ್‌ವರ್ಕ್ಸ್ ಉತ್ಸವಕ್ಕೆ ಜಗತ್ತಿನ ದೊಡ್ಡ ದೊಡ್ಡ ಸವಾರರೆಲ್ಲ ಬರುತ್ತಾರೆ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 675 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿ 2,180 ಮೀಟರಿಗೂ ಮೇಲೆ. 'ಟಾಪ್ ಆಫ್ ದ ವರ್ಲ್ಡ್' ಎಂಬ ದಾರಿ ಹಿಡಿದು ತುದಿಯಿಂದ ಊರಿನ ತನಕ ಬಂದರೆ ಒಟ್ಟು ಇಳಿತ ಹತ್ತಿರ ಹತ್ತಿರ 1,500 ಮೀಟರ್. ನಂದಿಬೆಟ್ಟಕ್ಕೆ ಸೈಕಲ್ ತುಳಿದಿದ್ದೇನೆ ಎನ್ನುತ್ತೀರಲ್ಲ, ಬೆಂಗಳೂರಿನ ನೆಲದಿಂದ ಲೆಕ್ಕ ಹಾಕಿದರೆ ಆ ಏರು ಇದರ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ನಂದಿಬೆಟ್ಟದ ಮಾತು ಬಂದಿದ್ದೂ ಒಳ್ಳೆಯದೇ ಆಯಿತು, ಏಕೆಂದರೆ ನಿಮ್ಮಲ್ಲಿ ಅರ್ಧ ಜನರ ಧೈರ್ಯದ ಮೂಲ ಅದೇ. ಬೆಳಗಿನ ಜಾವ ಎದ್ದು ಬೆಟ್ಟ ಹತ್ತಿದ ಕಾಲು ಗಟ್ಟಿಯಾಗಿರುತ್ತದೆ, ಉಸಿರು ಗಟ್ಟಿಯಾಗಿರುತ್ತದೆ, ನಾನು ಒಪ್ಪುತ್ತೇನೆ. ಆದರೆ ಡೌನ್‌ಹಿಲ್ ಪಾರ್ಕಿನಲ್ಲಿ ಹತ್ತುವ ಕೆಲಸ ಲಿಫ್ಟಿನದು. ನಿಮ್ಮ ಪಾಲಿಗೆ ಉಳಿಯುವುದು ಇಳಿಯುವುದು ಮಾತ್ರ, ಅದಕ್ಕೆ ಬೇಕಾದದ್ದು ಬೆರಳು, ಮುಂಗೈ, ಸೊಂಟ ಮತ್ತು ಕಣ್ಣು. ಡಾಂಬರು ರಸ್ತೆಯಲ್ಲಿ ನೂರು ಕಿಲೋಮೀಟರ್ ತುಳಿದವರು ಸುಲಭದ ದಾರಿಯ ಮೂರನೇ ತಿರುವಿನಲ್ಲೇ ಕೈಕಾಲು ಬಿಗಿಮಾಡಿಕೊಂಡು ಕಟ್ಟಿಗೆಯ ಹಾಗೆ ನಿಲ್ಲುತ್ತಾರೆ; ಹದಿಮೂರು ವರ್ಷದ ಪೋರ ಅವರನ್ನು ದಾಟಿಕೊಂಡು ಆರಾಮವಾಗಿ ಹೋಗುತ್ತಾನೆ. ಬೆಂಗಳೂರಿನ ತುರಹಳ್ಳಿಯ ಕಲ್ಲುಹಾದಿಯಲ್ಲಿ ಬಿದ್ದು ಎದ್ದು ಕಲಿತವರು ಇದ್ದರೆ ನಿಮ್ಮ ಗುಂಪಿನಲ್ಲಿ ಅವರ ಮಾತಿಗೆ ಬೆಲೆ ಕೊಡಿ.

ಇನ್ನರ್ಧ ಜನರ ಧೈರ್ಯ ವಿಡಿಯೋ ನೋಡಿ ಬಂದದ್ದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದು ಗೋಪ್ರೋ ಕ್ಯಾಮರಾ ಬರುವ ಎಷ್ಟೋ ಕಾಲ ಮುಂಚೆ, ಆದರೂ ಅದಕ್ಕೇ ಹೇಳಿದ ಹಾಗಿದೆ. ಹೆಲ್ಮೆಟ್ಟಿನ ಮೇಲೆ ಕೂರಿಸುವ ಆ ಕ್ಯಾಮರಾದ ಅಗಲ ಕಣ್ಣು ಇಳಿಜಾರನ್ನು ಚಪ್ಪಟೆ ಮಾಡಿ ತೋರಿಸುತ್ತದೆ. ಪರದೆಯಲ್ಲಿ ಸಣ್ಣ ದಿಬ್ಬದಂತೆ ಕಾಣುವುದು ಎದುರಿಗೆ ನಿಂತಾಗ ನಿಮ್ಮ ಎದೆಮಟ್ಟ ಬರುತ್ತದೆ. ಮೇಲಾಗಿ ವಿಡಿಯೋ ಹಾಕುವವರು ಹುಲಿಗಳು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಕಥೆ ಬೇಡ.

ಹಾಗಾದರೆ ನಿಮ್ಮ ಮಟ್ಟವನ್ನು ಅಳೆಯುವುದು ಹೇಗೆ? "ನಾನು ಇಳಿಯಬಲ್ಲೆನೇ" ಎಂದು ಕೇಳಿಕೊಳ್ಳಬೇಡಿ. ಇಳಿಸುವುದಕ್ಕೆ ಭೂಮಿಯೇ ಇದೆ, ಮೂಟೆಯನ್ನು ಉರುಳಿಸಿದರೂ ಇಳಿಯುತ್ತದೆ. "ನಾನು ಬೇಕೆಂದಲ್ಲಿ ನಿಲ್ಲಬಲ್ಲೆನೇ" ಎಂದು ಕೇಳಿಕೊಳ್ಳಿ. ಹೊರಡುವುದಕ್ಕೆ ಎರಡು ವಾರ ಮುಂಚೆ ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಮಣ್ಣಿನ ಇಳಿಜಾರು ಹುಡುಕಿ. ಸೀಟನ್ನು ಪೂರ್ತಿ ತಗ್ಗಿಸಿ, ಪೆಡಲುಗಳೆರಡನ್ನೂ ಒಂದೇ ಮಟ್ಟದಲ್ಲಿಟ್ಟು ಎದ್ದು ನಿಂತು ಇಳಿಯಿರಿ. ಕೆಳಗೊಂದು ನೀರಿನ ಬಾಟಲಿ ಇಟ್ಟು, ಅದರ ಹತ್ತಿರ ಬಂದು ನಿಲ್ಲಿ. ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದು, ಕಾಲು ನೆಲಕ್ಕೆ ಕೊಡಬಾರದು, ಬಾಟಲಿ ದಾಟಬಾರದು. ಆಮೇಲೆ ಸ್ವಲ್ಪ ವೇಗ ಹೆಚ್ಚಿಸಿ ಅದನ್ನೇ ಮಾಡಿ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಎಲ್ಲರಿಗೂ ಒಂದು ಕಡೆಯ ತಿರುವು ಸಲೀಸು, ಇನ್ನೊಂದು ಕಡೆಯದು ಕಷ್ಟ. ನಿಮಗೆ ಯಾವುದು ಕಷ್ಟ ಎಂದು ಅಲ್ಲಿಗೆ ಹೋಗುವ ಮುಂಚೆಯೇ ತಿಳಿದಿರಲಿ. ಹತ್ತು ನಿಮಿಷ ಸೀಟಿನ ಮೇಲೆ ಕೂರದೆ ನಿಂತೇ ಓಡಿಸಲು ತೊಡೆ ಒಪ್ಪುತ್ತದೆಯೋ ಅದನ್ನೂ ನೋಡಿಕೊಳ್ಳಿ. ಈ ಪರೀಕ್ಷೆಗೆ ಮೇಷ್ಟ್ರು ಬೇಕಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಬ್ರೇಕಿನ ವಿಷಯದಲ್ಲಿ ನಮ್ಮವರಿಗೆಂದೇ ಒಂದು ಎಚ್ಚರಿಕೆ ಇದೆ, ಇದನ್ನು ದಯವಿಟ್ಟು ಓದಿ ಮರೆಯಬೇಡಿ. ನಮ್ಮ ಊರಿನ ಸೈಕಲ್ಲಿನಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರದ್ದು, ಎಡಗೈಯದು ಹಿಂದಿನದು. ಸ್ಕೂಟರು ಓಡಿಸಿದವರಿಗೂ ಇದೇ ರೂಢಿ. ಕೆನಡಾ, ಅಮೆರಿಕದ ಸೈಕಲ್ಲುಗಳಲ್ಲಿ ಇದು ತಿರುವುಮುರುವು, ಎಡಗೈ ಹಿಡಿದರೆ ಮುಂದಿನ ಚಕ್ರ ನಿಲ್ಲುತ್ತದೆ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಗಾಬರಿಯಾದಾಗ ಕೈ ಹಳೆಯ ಅಭ್ಯಾಸಕ್ಕೇ ಓಡುತ್ತದೆ: ಹಿಂದಿನ ಬ್ರೇಕು ಎಂದುಕೊಂಡು ಎಡಗೈಯನ್ನು ಬಿಗಿಯಾಗಿ ಹಿಡಿಯುತ್ತೀರಿ, ಮುಂದಿನ ಚಕ್ರ ಗಕ್ಕನೆ ನಿಂತು ಹ್ಯಾಂಡಲ್ಲಿನ ಮೇಲಿಂದ ನೀವು ಆಚೆಗೆ. ಬಾಡಿಗೆಗೆ ಕೊಡುವ ಡೌನ್‌ಹಿಲ್ ಸೈಕಲ್ಲಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಒಂದು ಬೆರಳಿನ ಒತ್ತು ಸಾಕು, ನಮ್ಮ ಹಳೆಯ ಸೈಕಲ್ಲಿನ ಹಾಗೆ ನಾಲ್ಕು ಬೆರಳಿನಿಂದ ಹಿಂಡುವಂಥದ್ದಲ್ಲ. ಆದ್ದರಿಂದ ಅಂಗಡಿಯ ಮುಂದೆಯೇ ಇಳಿದು ನಿಂತು ಸೈಕಲ್ಲನ್ನು ಮುಂದಕ್ಕೆ ತಳ್ಳುತ್ತಾ ಎಡಗೈ ಬ್ರೇಕು ಹಿಡಿದು ನೋಡಿ. ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ನಾಲ್ಕು ಸಲ ಹಾಗೆ ಮಾಡಿ, ಕೈಗೆ ಮನವರಿಕೆಯಾಗಲಿ. ಲೀವರ್ ಅದಲುಬದಲು ಮಾಡಿಕೊಡುತ್ತೀರಾ ಎಂದು ಅಂಗಡಿಯವರನ್ನು ಕೇಳುವುದರಲ್ಲೂ ನಾಚಿಕೆಯಿಲ್ಲ. ಹೊಸ ರೂಢಿ ಕೈಗೆ ಹತ್ತುವ ತನಕ ಮಾತ್ರ ದೊಡ್ಡ ಇಳಿಜಾರಿನ ಸುದ್ದಿಗೆ ಹೋಗಬೇಡಿ.

ಈಗ ಬಣ್ಣಗಳಿಗೆ ಬರೋಣ. ಉತ್ತರ ಅಮೆರಿಕದ ಪಾರ್ಕುಗಳಲ್ಲಿ ಹಸಿರು ವೃತ್ತ ಎಂದರೆ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ, ಜೋಡಿ ಕಪ್ಪು ವಜ್ರ ಬಲ್ಲವರಿಗೆ ಮಾತ್ರ. ಹಿಮದ ಮೇಲೆ ಜಾರುವವರ ಗುರುತುಗಳನ್ನೇ ಸೈಕಲ್ಲಿನವರೂ ತಂದುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪು ಎಂಬ ಇನ್ನೊಂದು ಮೆಟ್ಟಿಲಿದೆ. ಲಂಡನ್ನಿನಿಂದ ಬಂದ ನಿಮ್ಮ ಭಾವಮೈದುನ "ವೇಲ್ಸ್‌ನಲ್ಲಿ ಕೆಂಪು ಮುಗಿಸಿದ್ದೇನೆ, ಇನ್ನು ಕಪ್ಪೇ" ಎಂದರೆ, ಇಲ್ಲಿ ಕೆಂಪು ಇಲ್ಲದ ಕಾರಣ ನೀಲಿಯಿಂದಲೇ ಶುರುಮಾಡಪ್ಪ ಎಂದು ಕೂರಿಸಿ ಹೇಳಿ.

ಅಂತರರಾಷ್ಟ್ರೀಯ ಮೌಂಟನ್ ಬೈಕ್ ಸವಾರರ ಸಂಘಟನೆಯಾದ ಇಂಬಾ ಈ ಬಣ್ಣಗಳಿಗೆ ಅಳತೆಗಳನ್ನೂ ಸೂಚಿಸಿದೆ. ತಪ್ಪಿಸಿಕೊಳ್ಳಲಾಗದ ಅಡ್ಡಿ, ಅಂದರೆ ದಾರಿಗೆ ಅಡ್ಡ ಬರುವ ಬೇರು, ಕಲ್ಲು, ಹಸಿರಿನಲ್ಲಿ 2 ಇಂಚಿಗಿಂತ ಎತ್ತರ ಇರಬಾರದು. ನೀಲಿಯಲ್ಲಿ 8 ಇಂಚು, ಕಪ್ಪಿನಲ್ಲಿ 15 ಇಂಚಿನವರೆಗೆ ಇರಬಹುದು. ಸರಾಸರಿ ಇಳಿಜಾರು ಹಸಿರಿಗೆ ಶೇ. 5, ನೀಲಿಗೆ ಶೇ. 10, ಕಪ್ಪಿಗೆ ಶೇ. 15. ಕಾಗದದ ಮೇಲೆ ಇವು ಸಣ್ಣ ಅಂಕಿಗಳು. 8 ಇಂಚು ಎಂದರೆ ನಿಮ್ಮ ಮನೆಯ ಒಂದು ಮೆಟ್ಟಿಲಿಗಿಂತ ಚೂರು ಎತ್ತರ. ಒಂದು ಮೆಟ್ಟಿಲನ್ನು ವೇಗವಾಗಿ, ಮುಂದಿನ ಚಕ್ರ ಕುಸಿಯದಂತೆ, ಎದೆ ಹ್ಯಾಂಡಲ್ಲಿಗೆ ತಾಗದಂತೆ ಇಳಿಸಲು ನಿಮಗೆ ಬರುತ್ತದೆಯೇ? ಬಾರದಿದ್ದರೆ ನೀಲಿಗೆ ಇನ್ನೂ ಸಮಯವಿದೆ. 15 ಇಂಚು ಎಂದರೆ ಮಂಡಿಗಿಂತ ಸ್ವಲ್ಪ ಕೆಳಗೆ, ಅದರ ಮಾತು ಈಗ ಬೇಡವೇ ಬೇಡ.

ಆದರೆ ಈ ಬಣ್ಣ ಎಲ್ಲ ಕಡೆಯೂ ಒಂದೇ ಎಂದುಕೊಳ್ಳಬೇಡಿ. ಪ್ರತಿ ಪಾರ್ಕೂ ತನ್ನ ದಾರಿಗಳನ್ನು ತನ್ನ ಉಳಿದ ದಾರಿಗಳ ಜತೆ ಹೋಲಿಸಿ ಬಣ್ಣ ಕೊಡುತ್ತದೆ. ಆಂಧ್ರ ಮೆಸ್ಸಿನವರ 'ಖಾರ ಕಮ್ಮಿ'ಗೂ ಉಡುಪಿ ಹೋಟೆಲಿನವರ 'ಖಾರ ಕಮ್ಮಿ'ಗೂ ಎಷ್ಟು ಅಂತರವಿದೆಯೋ ಇಲ್ಲೂ ಅಷ್ಟೇ. ನ್ಯೂಜೆರ್ಸಿಯ ಮೌಂಟನ್ ಕ್ರೀಕ್‌ನಲ್ಲಿ ಕಲ್ಲು ಜಾಸ್ತಿ, ಕ್ಯಾಲಿಫೋರ್ನಿಯಾದ ನಾರ್ತ್‌ಸ್ಟಾರ್‌ನಲ್ಲಿ ಬೇಸಿಗೆ ಏರಿದಂತೆ ಧೂಳು ಜಾಸ್ತಿ, ವಿಸ್ಲರ್‌ನಲ್ಲಿ ಮಳೆ ಬಿದ್ದರೆ ಬೇರುಗಳು ಸೋಪು ಹಚ್ಚಿದಂತೆ ಜಾರುತ್ತವೆ. ನಿಮ್ಮೂರಿನಲ್ಲಿ ನೀಲಿ ಓಡಿಸಿದವರು ಹೊಸ ಪಾರ್ಕಿನಲ್ಲಿ ಮೊದಲು ಹಸಿರು ಓಡಿಸಬೇಕು. ಇದು ನನ್ನ ಆಜ್ಞೆ ಎಂದೇ ಇಟ್ಟುಕೊಳ್ಳಿ.

ಒಂದೇ ಬಣ್ಣದೊಳಗೂ ಎರಡು ಜಾತಿಯ ದಾರಿಗಳಿವೆ. ಒಂದು ಯಂತ್ರದಿಂದ ಕೆತ್ತಿದ್ದು: ಅಗಲ, ನುಣುಪು, ತಿರುವುಗಳಲ್ಲಿ ಬರ್ಮ್ ಎನ್ನುವ ಮಣ್ಣಿನ ಒರಗುಗೋಡೆ, ನಡುನಡುವೆ ಹಾರುವ ದಿಬ್ಬ. ಇನ್ನೊಂದು ಕೈಯಿಂದ ಮಾಡಿದ, ಕಾಡಿನೊಳಗಿನ ಕಿರುದಾರಿ: ಬೇರು, ಬಂಡೆ, ಇಕ್ಕಟ್ಟು. ವಿಸ್ಲರ್‌ನ ಜಗತ್ಪ್ರಸಿದ್ಧ ಎ-ಲೈನ್ ಕಪ್ಪು ವಜ್ರದ್ದು. ತುದಿಯಿಂದ ಇಳಿಯುವ ಟಾಪ್ ಆಫ್ ದ ವರ್ಲ್ಡ್ ಕೂಡ ಕಪ್ಪೇ. ಮೊದಲನೆಯದರಲ್ಲಿ ಕಷ್ಟ ಎಂದರೆ ವೇಗ ಮತ್ತು ಹಾರಾಟ, ಎರಡನೆಯದರಲ್ಲಿ ಸಡಿಲ ಕಲ್ಲು, ಎತ್ತರ ಮತ್ತು ಉದ್ದ. ಒಂದರಲ್ಲಿ ಗೆದ್ದವರು ಇನ್ನೊಂದರಲ್ಲಿ ಅಳುತ್ತಾ ಸೈಕಲ್ ತಳ್ಳಿಕೊಂಡು ಬಂದದ್ದುಂಟು. ಭೂಪಟದಲ್ಲಿ ಬಣ್ಣ ನೋಡಿದ ಮೇಲೆ ಜಾತಿಯನ್ನೂ ನೋಡಿ. ಟ್ರೇಲ್‌ಫೋರ್ಕ್ಸ್ ಎಂಬ ಆ್ಯಪಿನಲ್ಲಿ ಪ್ರತಿ ದಾರಿಯ ಉದ್ದ, ಇಳಿತ, ಚಿತ್ರ, ಈಚೆಗೆ ಓಡಿಸಿದವರ ಮಾತು ಎಲ್ಲ ಸಿಗುತ್ತದೆ. ರಾತ್ರಿ ರೀಲ್ಸ್ ನೋಡುವ ಬದಲು ಅರ್ಧ ಗಂಟೆ ಇದನ್ನು ನೋಡಿದರೆ ಕಣ್ಣಿಗೂ ಒಳ್ಳೆಯದು, ಮೂಳೆಗೂ ಒಳ್ಳೆಯದು.

ಹಾರುವ ದಿಬ್ಬಗಳಲ್ಲಿ ಟೇಬಲ್‌ಟಾಪ್ ಎಂಬುದಕ್ಕೆ ಏರುವ ಮತ್ತು ಇಳಿಯುವ ತುದಿಗಳ ನಡುವೆ ಮಣ್ಣು ತುಂಬಿರುತ್ತದೆ; ಹಾರಲಾಗದಿದ್ದರೆ ಚಕ್ರ ನೆಲ ಬಿಡದೆ ಉರುಳಿಸಿಕೊಂಡು ಹೋಗಬಹುದು. ಗ್ಯಾಪ್ ಎಂಬುದರ ನಡುವೆ ಖಾಲಿ. ಅರ್ಧ ಮನಸ್ಸಿನಿಂದ ಹಾರಿದವರು ಬೀಳುವುದು ಆ ಖಾಲಿಯಲ್ಲೇ. ನೀವು ಹೋಗುವ ದಾರಿಯಲ್ಲಿ ಗ್ಯಾಪ್ ಇದೆಯೇ, ಇದ್ದರೆ ಪಕ್ಕದಲ್ಲಿ ಬಳಸುದಾರಿ ಇದೆಯೇ ಎಂದು ಲಿಫ್ಟ್ ಹತ್ತುವ ಮುಂಚೆ ತಿಳಿದುಕೊಂಡಿರಬೇಕು. ಎ-ಲೈನಿನಲ್ಲಿ ಟೇಬಲ್‌ಟಾಪ್‌ಗಳೇ ಹೆಚ್ಚಲ್ಲವೇ, ಉರುಳಿಸಿಕೊಂಡು ಹೋಗುತ್ತೇನೆ ಎಂದು ಜಾಣತನ ತೋರಿಸಬೇಡಿ. ಅಲ್ಲಿ ಒಬ್ಬರ ಹಿಂದೆ ಒಬ್ಬರು ವೇಗವಾಗಿ ಬರುತ್ತಿರುತ್ತಾರೆ. ದಿಬ್ಬದ ಆಚೆ ನೀವು ತೆವಳುತ್ತಿರುವುದು ಹಿಂದಿನಿಂದ ಹಾರುವವರಿಗೆ ಗಾಳಿಯಲ್ಲಿದ್ದಾಗ ಮಾತ್ರ ಕಾಣುತ್ತದೆ, ಆಗ ಅವರಾದರೂ ಏನು ಮಾಡಿಯಾರು?

ಅನೇಕ ಪಾರ್ಕುಗಳಲ್ಲಿ ಕಷ್ಟದ ದಾರಿಯ ಬಾಗಿಲಲ್ಲೇ ಒಂದು ಬಂಡೆಯನ್ನೋ ಜಿಗಿತವನ್ನೋ ಬೇಕೆಂದೇ ಇಟ್ಟಿರುತ್ತಾರೆ. ಒಳಗೆ ಏನಿದೆ ಎಂಬುದರ ಮಾದರಿ ಅದು. ಅದನ್ನು ನೆಟ್ಟಗೆ ದಾಟಲಾಗದವರು ಒಳಗೆ ಹೋಗಬೇಡಿ ಎಂದು ಕಟ್ಟಿದವರೇ ಮರ್ಯಾದೆಯಿಂದ ಹೇಳಿದ ಮಾತು. ನಮ್ಮವರು ಏನು ಮಾಡುತ್ತಾರೆ? ಆ ಬಂಡೆಯ ಪಕ್ಕದಲ್ಲಿ ಸೈಕಲ್ಲನ್ನು ಎತ್ತಿಕೊಂಡು ಇಳಿದು, ಆಮೇಲೆ ಹತ್ತಿ ಕೂತು ಮುಂದುವರಿಯುತ್ತಾರೆ! ಬಾಗಿಲಲ್ಲಿ ಮೊದಲ ಮೆಟ್ಟಿಲೇ ಹತ್ತಲಾಗದವರಿಗೆ ಅಟ್ಟದ ಆಸೆ ಯಾಕೆ? ಹಿಂದಿರುಗಿ ನೀಲಿ ಹಿಡಿಯಿರಿ, ಯಾರೂ ನಗುವುದಿಲ್ಲ. ನಕ್ಕರೆ ಅಂಥವರ ಜತೆ ಹೋದದ್ದೇ ತಪ್ಪು.

ಪಾರ್ಕು ನಿಮಗೆ ತಕ್ಕದ್ದೋ ಅಲ್ಲವೋ ಎಂಬುದನ್ನು ಅದರ ಸುಲಭದ ದಾರಿಯಿಂದ ಅಳೆಯಿರಿ, ಹೆಸರುವಾಸಿ ದಾರಿಯಿಂದ ಬೇಡ. ಬೆಟ್ಟದ ಮೇಲಿಂದ ಕೆಳತನಕ ಹಸಿರಿನಲ್ಲೇ ಬರಬಹುದೇ? ಹಸಿರು ಒಂದೇ ಇದೆಯೇ, ನಾಲ್ಕಾರಿವೆಯೇ? ನಿಮ್ಮ ಮಟ್ಟದ ದಾರಿಗಳಲ್ಲೇ ಇಡೀ ದಿನ ಸಂತೋಷವಾಗಿ ಕಳೆಯುವಷ್ಟಿದ್ದರೆ ಆ ಪಾರ್ಕು ನಿಮ್ಮದು. ಒಂದೇ ಹಸಿರು ದಾರಿಯಿದ್ದು ಉಳಿದದ್ದೆಲ್ಲ ಕಪ್ಪಾಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೇಸರ ಬಂದು ನೀವು ಕಪ್ಪಿಗೆ ಕೈಹಾಕುವುದು ಖಂಡಿತ. ವಿಸ್ಲರ್ ಈ ಲೆಕ್ಕದಲ್ಲಿ ಹೊಸಬರಿಗೆ ಕೆಟ್ಟ ಜಾಗವೇನಲ್ಲ. ಕೆಳಗಿನ ಫಿಟ್ಸಿಮನ್ಸ್ ಭಾಗದಲ್ಲಿ 'ಈಜಿ ಡಸ್ ಇಟ್' ಎಂಬ ಹಸಿರು ದಾರಿ ಸುತ್ತಿ ಸುತ್ತಿ ಇಳಿಯುತ್ತದೆ. ಅದಾದ ಮೇಲೆ ಬಿ-ಲೈನ್, ಆಮೇಲೆ ಸಣ್ಣ ಟೇಬಲ್‌ಟಾಪ್‌ಗಳಿರುವ 'ಕ್ರ್ಯಾಂಕ್ ಇಟ್ ಅಪ್', ಎರಡೂ ನೀಲಿ. ಮೊದಲ ಸಲ ಹೋದವರಿಗೆ ಇಷ್ಟರಲ್ಲೇ ಎರಡು ದಿನ ಕಳೆಯುತ್ತದೆ. ಮೇಲಿನ ಗಾರ್ಬಾಂಜೋ ಭಾಗ, ತುದಿಯ ಭಾಗ ಎಲ್ಲಿಗೂ ಓಡಿಹೋಗುವುದಿಲ್ಲ. ಅಂದಹಾಗೆ ಪಾರ್ಕು ಮೇ ಮಧ್ಯದ ಹೊತ್ತಿಗೆ ತೆರೆದರೂ ಮೇಲಿನ ಭಾಗಗಳು ಹಿಮ ಕರಗಿದ ಮೇಲೆಯೇ ತೆರೆಯುತ್ತವೆ. ವಸಂತದಲ್ಲಿ ಲಿಫ್ಟಿನ ಕೆಳಗೆ ಹುಲ್ಲು ಮೇಯುವ ಕಪ್ಪು ಕರಡಿಗಳೂ ಕಾಣಬಹುದು, ಫೋಟೋ ತೆಗೆಯಲು ಹತ್ತಿರ ಹೋಗಬೇಡಿ, ಅಷ್ಟು ಬುದ್ಧಿ ಇರಲಿ.

ಮೊದಲ ಸುತ್ತನ್ನು ಪರೀಕ್ಷೆ ಎಂದುಕೊಂಡು ಓಡಿಸಿ. ಪಾರ್ಕಿನವರೇ ಹೇಳಿಕೊಡುವ ಕ್ರಮ ಇದೆ: ಮೊದಲು ನಿಧಾನವಾಗಿ ದಾರಿ ನೋಡಿಕೊಂಡು ಬನ್ನಿ, ಎರಡನೆಯ ಸಲ ಹದವಾದ ವೇಗದಲ್ಲಿ ಅದೇ ದಾರಿ, ಮೂರನೆಯ ಸಲ ನಿಮ್ಮ ಇಷ್ಟ. ಕೆಳಗೆ ಬಂದು ನಿಂತಾಗ ನಿಮ್ಮನ್ನೇ ನಾಲ್ಕು ಮಾತು ಕೇಳಿಕೊಳ್ಳಿ. ಇಡೀ ದಾರಿ ಬ್ರೇಕು ಹಿಡಿದುಕೊಂಡೇ ಬಂದಿರಾ, ಅಥವಾ ತಿರುವಿಗೆ ಮುಂಚೆ ಹಿಡಿದು ತಿರುವಿನೊಳಗೆ ಬಿಟ್ಟಿರಾ? ಕಣ್ಣು ಮುಂದಿನ ಚಕ್ರದ ಮೇಲಿತ್ತೋ, ತಿರುವಿನ ಆಚೆಗಿತ್ತೋ? ದಾರಿಯಲ್ಲಿ ಏನೇನು ಬಂತು ಎಂದು ಕ್ರಮವಾಗಿ ಹೇಳಬಲ್ಲಿರಾ, ಅಥವಾ ಬರೀ ಗಾಬರಿ ನೆನಪಿದೆಯೇ? ಈಗ ಕೈಗವಸು ತೆಗೆದು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ನೋಡಿ. ಮುಂಗೈ ಕಲ್ಲಿನಂತೆ ಬಿಗಿದುಕೊಂಡು ಬೆರಳು ಮಡಚಲು ಒಪ್ಪದಿದ್ದರೆ ಸವಾರರು ಅದಕ್ಕೆ 'ಆರ್ಮ್ ಪಂಪ್' ಅನ್ನುತ್ತಾರೆ. ಹೆದರಿಕೆಯಿಂದ ಹ್ಯಾಂಡಲ್ ಬಿಗಿಹಿಡಿದವರಿಗೆ, ಬ್ರೇಕು ಬಿಡದವರಿಗೆ ಬೇಗ ಬರುತ್ತದೆ. ಮುಚ್ಚಳ ತೆಗೆಯಲಾಗದ ಕೈ ಬ್ರೇಕನ್ನೂ ಹಿಡಿಯಲಾರದು. ಅರ್ಧ ಗಂಟೆ ಕೂತು ಬಾಳೆಹಣ್ಣು ತಿನ್ನಿ, ಆಮೇಲೆ ಮತ್ತೆ ಅದೇ ಹಸಿರು.

ಮೇಲಿನ ಬಣ್ಣಕ್ಕೆ ಯಾವಾಗ ಹೋಗಬೇಕು? ಈಗಿನ ಬಣ್ಣ ಸಪ್ಪೆ ಅನ್ನಿಸಿದಾಗ. ಒಂದು ಸಲ ಬೀಳದೆ ಬಂದದ್ದು ಅದೃಷ್ಟವೂ ಇರಬಹುದು. ಬಂದಾಗಲೆಲ್ಲ ಒಂದೇ ರೀತಿ, ಸಡಿಲ ಕೈಯಲ್ಲಿ, ನೀವು ಆರಿಸಿಕೊಂಡ ಗೆರೆಯಲ್ಲೇ ಬರುತ್ತಿದ್ದರೆ ಅದು ಕೌಶಲ. ಆಗ ನೀಲಿಯ ಬಾಗಿಲಿಗೆ ಹೋಗಿ. ತಿರುವಿನಲ್ಲಿ ಜಾರಿದ್ದಕ್ಕೆ ಟೈರು ಸರಿಯಿಲ್ಲ, ಬ್ರೇಕು ಸರಿಯಿಲ್ಲ, ಮಣ್ಣು ಸರಿಯಿಲ್ಲ ಎಂದು ಲಿಫ್ಟಿನುದ್ದಕ್ಕೂ ಹೇಳುವವರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಂಥವರಿಗೆ ಇನ್ನೂ ಎರಡು ಸುತ್ತು ಹಸಿರು.

ಗೆಳೆಯರ ವಿಷಯ ಹೇಳಲೇಬೇಕು. "ಏನೂ ಆಗಲ್ಲ, ನನ್ನ ಹಿಂದೆ ಬಾ" ಎನ್ನುವವನು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಕೆಟ್ಟ ಬುದ್ಧಿಯಿಲ್ಲ, ತಾನು ಕಲಿಯಲು ಎಷ್ಟು ಕಾಲ ಹಿಡಿಯಿತು ಎಂಬುದು ಮರೆತುಹೋಗಿರುತ್ತದೆ. ಅವನ ವೇಗ ಅವನ ಕೌಶಲಕ್ಕೆ ಹೊಂದಿದ್ದು. ನೀವು ಹಿಂಬಾಲಿಸಿದರೆ ಅವನ ವೇಗ ಮತ್ತು ನಿಮ್ಮ ಕೌಶಲ ಎರಡೂ ಒಂದೇ ದಿಬ್ಬದ ಮೇಲೆ ಭೇಟಿಯಾಗುತ್ತವೆ. ಬೇಡ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕಲಿಸುವುದೂ ಬೇಡ. ಬೆಟ್ಟದ ನಡುವೆ ಜಗಳವಾಡುತ್ತಾ ನಿಂತ ಜೋಡಿಗಳನ್ನು ನಾನು ನೋಡಿದ್ದೇನೆ, ಜಗಳ ಕನ್ನಡದಲ್ಲಿದ್ದರೆ ಕಿವಿ ಮುಚ್ಚಿಕೊಳ್ಳಲೂ ಆಗುವುದಿಲ್ಲ. ಪಾರ್ಕಿನಲ್ಲೇ ಕೋಚುಗಳಿದ್ದಾರೆ, ಮೊದಲ ದಿನ ಅರ್ಧ ದಿನದ ಪಾಠಕ್ಕೆ ದುಡ್ಡು ಕೊಡಿ. ಗುಂಪಿನ ಬಲ್ಲವರು ಬೆಳಿಗ್ಗೆ ತಮ್ಮ ದಾರಿ ನೋಡಿಕೊಳ್ಳಲಿ, ಊಟಕ್ಕೆ ಎಲ್ಲರೂ ಸೇರಿದರೆ ಸಾಕು.

ಸಲಕರಣೆಯಲ್ಲಿ ಹೆಚ್ಚು ಹೇಳುವುದೇನಿಲ್ಲ, ಆದರೆ ಕಂಜೂಸು ಮಾಡಬೇಡಿ. ಮುಖ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ಬೇಕು, ಒಳಗೆ ಡೌನ್‌ಹಿಲ್‌ಗೆಂದು ಇರುವ ಎಎಸ್‌ಟಿಎಂ ಎಫ್1952 ಎಂಬ ಮುದ್ರೆ ಇದ್ದರೆ ಒಳ್ಳೆಯದು. ಮಂಡಿ, ಮೊಣಕೈ, ಬೆನ್ನಿಗೆ ರಕ್ಷಣೆ, ಪೂರ್ತಿ ಬೆರಳಿನ ಕೈಗವಸು, ಚಪ್ಪಟೆ ತಳದ ಬೂಟು. ಮನೆಯಲ್ಲಿರುವ, ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್ ಸೈಕಲ್ ಮನೆಯಲ್ಲೇ ಇರಲಿ. ಮುಂದೆ ಹಿಂದೆ ಸುಮಾರು 200 ಮಿಲಿಮೀಟರ್ ಸಸ್ಪೆನ್ಷನ್ ಇರುವ ಡೌನ್‌ಹಿಲ್ ಸೈಕಲ್ಲನ್ನು ಅಲ್ಲೇ ಬಾಡಿಗೆಗೆ ಪಡೆಯಿರಿ. ಹೆಸರಾಂತ ಕಂಪನಿಯ ಜೆರ್ಸಿಗೆ ನೂರು ಡಾಲರ್ ಸುರಿದು ಮಂಡಿ ಪ್ಯಾಡಿಗೆ ಚೌಕಾಸಿ ಮಾಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಜಾತಿಗೆ ಸೇರಿದ್ದು.

ದಾರಿಯಲ್ಲಿ ನಿಲ್ಲಬೇಕಾದರೆ ದಿಬ್ಬದ ಇಳಿತುದಿಯಲ್ಲಿ ನಿಲ್ಲಬೇಡಿ, ತಿರುವಿನ ಮರೆಯಲ್ಲೂ ನಿಲ್ಲಬೇಡಿ. ಮೇಲಿನಿಂದ ಬರುವವರಿಗೆ ಕಾಣುವ ಜಾಗ ನೋಡಿ, ಸೈಕಲ್ ಸಮೇತ ಪೂರ್ತಿ ಪಕ್ಕಕ್ಕೆ ಸರಿಯಿರಿ. ಹಿಂದಿನವರು ಕೂಗಿದರೆ ಗಾಬರಿಯಾಗಿ ಅತ್ತಿತ್ತ ತಿರುಗಿಸದೆ ನಿಮ್ಮ ಗೆರೆಯಲ್ಲೇ ಹೋಗಿ, ಅವರು ಜಾಗ ನೋಡಿಕೊಂಡು ದಾಟುತ್ತಾರೆ.

ಬೆಳಿಗ್ಗೆ ನೋಡಿದ ದಾರಿಯೇ ಸಂಜೆಗೆ ಇರುವುದಿಲ್ಲ. ದಿನವಿಡೀ ಸಾವಿರಾರು ಚಕ್ರಗಳು ತಿರುವಿಗೆ ಮುಂಚೆ ಬ್ರೇಕು ಹಿಡಿದಲ್ಲೆಲ್ಲ ಮಣ್ಣು ಸಾಲುಸಾಲಾಗಿ ಉಬ್ಬಿರುತ್ತದೆ. ಬ್ರೇಕಿಂಗ್ ಬಂಪ್ಸ್ ಅನ್ನುತ್ತಾರೆ, ಜುಲೈ, ಆಗಸ್ಟ್‌ನಲ್ಲಿ ವಿಸ್ಲರ್ ಇದಕ್ಕೆ ಕುಖ್ಯಾತಿ ಪಡೆದಿದೆ. ದಣಿದ ಕೈಗೆ ಇವು ಬೆಳಗಿನ ಹಸಿರನ್ನೂ ನೀಲಿ ಮಾಡುತ್ತವೆ. ಸಂಜೆ ಲಿಫ್ಟ್ ಮುಚ್ಚುವ ಮುಂಚೆ ಯಾರೋ ಒಬ್ಬರು "ಕೊನೇ ಸುತ್ತು" ಅನ್ನುತ್ತಾರೆ. ಹಳೆಯ ಸವಾರರು ಈ ಮಾತನ್ನು ಬಾಯಲ್ಲೂ ಆಡುವುದಿಲ್ಲ. ದಣಿವಾಯಿತೆಂದರೆ, ಟಿಕೆಟ್ಟಿನ ದುಡ್ಡು ವಸೂಲಾಯಿತೇ ಎಂಬ ಲೆಕ್ಕ ಬಿಟ್ಟು ಸೈಕಲ್ ವಾಪಸ್ಸು ಕೊಡಿ. ಅತಿಯಾಸೆ ಗತಿಗೇಡು ಎಂಬುದು ಲಿಫ್ಟ್ ಟಿಕೆಟ್ಟಿಗೂ ಅನ್ವಯಿಸುತ್ತದೆ.

ಹೊರಡುವ ಮುಂಚೆ ಕೈ ಪಳಗಿಸಿಕೊಳ್ಳಲು ಜಾಗ ಎಲ್ಲಿದೆ ಎಂದು ಕೇಳಬೇಡಿ. ಬೆಲ್‌ವ್ಯೂ, ರೆಡ್ಮಂಡ್ ಕಡೆಯವರಿಗೆ ಇಸ್ಸಾಕ್ವಾ ಹತ್ತಿರ ಡಥಿ ಹಿಲ್ ಇದೆ. ಲಿಫ್ಟಿಲ್ಲ, ದೊಡ್ಡ ಇಳಿತವಿಲ್ಲ, ಆದರೆ ಸುಲಭದಿಂದ ಕಷ್ಟದವರೆಗೆ ದಾರಿಗಳು ಒಂದೇ ಕಾಡಿನಲ್ಲಿವೆ. ಒಂದೇ ತಿರುವನ್ನು ಎಷ್ಟು ಸಲ ಬೇಕಾದರೂ ಅಭ್ಯಾಸ ಮಾಡಬಹುದು. ಅಲ್ಲಿ ನೀಲಿಯಲ್ಲಿ ತಡವರಿಸುವವರು ವಿಸ್ಲರ್‌ನಲ್ಲಿ ಹಸಿರಿಗೆ ಸರಿ.

ಕೊನೆಗೆ ಕಾಗದಪತ್ರ. ಟಿಕೆಟ್ ಕೊಡುವಾಗ ಹೊಣೆ ನಮ್ಮದಲ್ಲ ಎಂಬ ಉದ್ದನೆಯ ಒಪ್ಪಿಗೆಗೆ ಸಹಿ ಹಾಕಿಸುತ್ತಾರೆ; ಓದಿ ಸಹಿ ಹಾಕಿ, ಎಲ್ಲದಕ್ಕೂ ಕಣ್ಣುಮುಚ್ಚಿ 'ಐ ಅಗ್ರೀ' ಒತ್ತುವ ಅಭ್ಯಾಸ ಇಲ್ಲಿ ಬೇಡ. ವಿಸ್ಲರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕಾನೂನಿನ ಪ್ರಕಾರ ವಯಸ್ಕರಾಗುವುದು 19ಕ್ಕೆ, 18ಕ್ಕಲ್ಲ. ಕಾಲೇಜಿಗೆ ಹೋಗುವ ತಮ್ಮನನ್ನು ಕರೆದೊಯ್ಯುತ್ತಿದ್ದರೆ ಹಿರಿಯರ ಸಹಿ ಬೇಕಾದೀತು, ಮೊದಲೇ ವಿಚಾರಿಸಿ. ಆ ಪ್ರಾಂತ್ಯದ ಸರ್ಕಾರಿ ಆರೋಗ್ಯ ಯೋಜನೆ ಅಲ್ಲಿನ ನಿವಾಸಿಗಳಿಗೆ ಮಾತ್ರ. ಅಮೆರಿಕದಿಂದ, ಭಾರತದಿಂದ ಹೋದವರು ಆಸ್ಪತ್ರೆಯ ಬಿಲ್ಲನ್ನು ಪೂರ್ತಿ ತಾವೇ ಕಟ್ಟಬೇಕು, ಅದು ಕೈ ಸುಡುವ ಮೊತ್ತ. ಊರಲ್ಲೇ ವಿಸ್ಲರ್ ಹೆಲ್ತ್ ಕೇರ್ ಸೆಂಟರ್ ಇದೆ, ದೊಡ್ಡ ಪೆಟ್ಟಾದರೆ ವ್ಯಾಂಕೂವರ್‌ಗೆ ಸಾಗಿಸುತ್ತಾರೆ. ಪ್ರಯಾಣ ವಿಮೆ ಮಾಡಿಸಿದ್ದೇನೆ ಎಂದು ನಿಶ್ಚಿಂತೆಯಿಂದಿರಬೇಡಿ. ಡೌನ್‌ಹಿಲ್ ಸೈಕ್ಲಿಂಗ್ ಎಂಬ ಪದ ಪಾಲಿಸಿಯ ಯಾವ ಪಟ್ಟಿಯಲ್ಲಿದೆ, ಕೊಡುವುದರಲ್ಲೋ ಕೊಡದಿರುವುದರಲ್ಲೋ ಎಂದು ಫೋನು ಮಾಡಿ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಪಾಲಿಸಿ ನಂಬರು, ರಕ್ತದ ಗುಂಪು, ಅಲರ್ಜಿ ಇದ್ದರೆ ಅದು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಜಿಪ್ ಇರುವ ಜೇಬಿನಲ್ಲಿಡಿ, ಫೋನು ಒಡೆದರೂ ಚೀಟಿ ಉಳಿಯುತ್ತದೆ. ತುರ್ತಿಗೆ ಯಾರನ್ನು ಕರೆಯಬೇಕು ಎಂಬಲ್ಲಿ ಮೈಸೂರಿನ ಅಮ್ಮನ ನಂಬರು ಬರೆಯಬೇಡಿ. ನಡುರಾತ್ರಿ ಗೊತ್ತಿಲ್ಲದ ಇಂಗ್ಲಿಷಿನ ಕರೆ ಬಂದರೆ ಅವರು ಅಲ್ಲಿಂದ ಏನು ಮಾಡಿಯಾರು? ಗುಂಪಿನಲ್ಲಿ ಸೈಕಲ್ ಹತ್ತದೆ ಕೆಳಗೆ ಕಾಫಿ ಕುಡಿಯುತ್ತಾ ಕೂರುವವರು ಒಬ್ಬರಾದರೂ ಇರುತ್ತಾರೆ, ಅವರ ನಂಬರು ಬರೆಯಿರಿ, ಫೋನು ಸೈಲೆಂಟಿನಲ್ಲಿ ಇಡಬೇಡಿ ಎಂದು ಅವರಿಗೂ ಹೇಳಿ.